ಗಡಿಯಾರವನ್ನು ಡ್ರಮ್ಮರ್ ಕೈಗೆ ಕೊಟ್ಟ ಮೇಲೆ

ಮೊದಲು ಧ್ವನಿಮುದ್ರಿಸಿಕೊಂಡ ಮೂರು ಹಾಡುಗಳನ್ನು ನಾವು ಪೂರ್ತಿಯಾಗಿ ಕೈಬಿಟ್ಟೆವು. ಅವುಗಳಲ್ಲಿ ಅಪಸ್ವರವಿರಲಿಲ್ಲ, ಎಲ್ಲಿಯೂ ತಾಳ ತಪ್ಪಿರಲಿಲ್ಲ. ಗಿಟಾರ್ ಚೆನ್ನಾಗಿತ್ತು, ಸಿಂಥಸೈಜರ್ ಚೆನ್ನಾಗಿತ್ತು. ಆದರೆ ಕೇಳುತ್ತಾ ಕುಳಿತರೆ ಪಕ್ಕಪಕ್ಕದ ಕೋಣೆಗಳಲ್ಲಿ ಎರಡು ತಂಡಗಳು ಒಂದೇ ಹಾಡನ್ನು ನುಡಿಸುತ್ತಿವೆ, ನಡುವಿನ ಬಾಗಿಲನ್ನು ಯಾರೋ ತೆರೆದಿಟ್ಟಿದ್ದಾರೆ ಎನ್ನಿಸುತ್ತಿತ್ತು.

ನಾವು ನಾಲ್ವರು: ಡ್ರಮ್ಮರ್, ಗಿಟಾರ್ ವಾದಕ, ಗಾಯಕಿ, ಬಾಸ್ ಗಿಟಾರ್ ನುಡಿಸುವ ನಾನು. ನೇರ ರಾಕ್ ಶೈಲಿಯಲ್ಲಿ ಎರಡು ಆಲ್ಬಂ ಮಾಡಿದ್ದೆವು. ಮೂರನೆಯದರಲ್ಲಿ ಎಲೆಕ್ಟ್ರಾನಿಕ್ ಸಂಗೀತವನ್ನು ಬೆರೆಸಬೇಕೆಂಬ ಆಸೆ ಎಲ್ಲರಿಗೂ ಇತ್ತು. ಬೆರೆಸುವುದು ಎಂದರೇನು ಎಂದು ತಿಳಿಯುವುದಕ್ಕೇ ಎಂಟು ತಿಂಗಳು ಹಿಡಿಯಿತು.

ನಾವು ಹಿಡಿದ ಮೊದಲ ದಾರಿ ಹೆಚ್ಚಿನವರು ಹಿಡಿಯುವಂಥದ್ದೇ. ಕಂಪ್ಯೂಟರಿನಲ್ಲಿ ಗತಿಯನ್ನು ನಿಮಿಷಕ್ಕೆ 118 ಪೆಟ್ಟು ಎಂದು ನಿಗದಿಪಡಿಸಿ, ಪ್ರತಿ ಪೆಟ್ಟಿಗೂ ಟಿಕ್ ಎನ್ನುವ ಕ್ಲಿಕ್ ಸದ್ದನ್ನು ಡ್ರಮ್ಮರ್‌ನ ಕಿವಿಗೆ ಕೊಟ್ಟು, ಅದರ ಮೇಲೆ ಎಲ್ಲರೂ ನುಡಿಸುವುದು. ಹೀಗೆ ಮಾಡಿದರೆ ಬರೆದಿಟ್ಟ ಸ್ವರಗಳನ್ನು ತಾನೇ ನುಡಿಸುವ ಸೀಕ್ವೆನ್ಸರ್ ಮತ್ತು ಸುತ್ತಿ ಸುತ್ತಿ ಬರುವ ಲೂಪುಗಳನ್ನು ಯಾವಾಗ ಬೇಕಾದರೂ ತಂದು ಜೋಡಿಸಬಹುದು. ಈ ವ್ಯವಸ್ಥೆ ಹಳೆಯದು. ಬ್ರಿಟಿಷ್ ರಾಕ್ ತಂಡ ದಿ ಹೂದವರು 1971ರ ಹೊತ್ತಿಗೇ ಸಿಂಥಸೈಜರ್ ಭಾಗಗಳನ್ನು ಟೇಪಿನಿಂದ ಹಾಕಿಕೊಂಡು ವೇದಿಕೆಯ ಮೇಲೆ ನುಡಿಸುತ್ತಿದ್ದರು. ಅದಕ್ಕೆ ಹೊಂದಿಕೊಳ್ಳಲು ಅವರ ಡ್ರಮ್ಮರ್ ಕೀತ್ ಮೂನ್ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಟೇಪು ಯಾರಿಗಾಗಿಯೂ ಕಾಯುವುದಿಲ್ಲ. ಅದರ ಹಿಂದೆ ಹೋಗುತ್ತಲೇ ಮೂನ್ ಬೆಂಕಿಯಂತೆ ನುಡಿಸಿದರು. ನಮ್ಮ ಡ್ರಮ್ಮರ್‌ಗೆ ಅದು ಒಗ್ಗಲಿಲ್ಲ. ಅವನ ಕೈ ಬಿಗಿಯಿತು, ಹೊಡೆತಗಳು ಒಂದೇ ತೂಕದವಾದವು.

ಏಕೆ ಹೀಗಾಯಿತೆಂದು ನೋಡಲು ನಾನು ನಮ್ಮ ಎರಡನೆಯ ಆಲ್ಬಂನ ಕಡತಗಳನ್ನು ತೆರೆದು, ಅವನ ಹೊಡೆತಗಳನ್ನು ಒಂದೊಂದಾಗಿ ಅಳೆದೆ. ಆಗ ಕ್ಲಿಕ್ ಇಲ್ಲದೆ ನುಡಿಸಿದ್ದೆವು. ಪದ್ಯಭಾಗದಲ್ಲಿ ಅವನ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಪ್ರತಿ ಸಲವೂ 10ರಿಂದ 15 ಮಿಲಿಸೆಕೆಂಡ್ ತಡವಾಗಿ ಬೀಳುತ್ತಿತ್ತು, ಹೈಹ್ಯಾಟ್ (ಜೋಡಿ ಲೋಹದ ತಟ್ಟೆಗಳು) ಮಾತ್ರ ತಡವಾಗುತ್ತಿರಲಿಲ್ಲ. ಪಲ್ಲವಿ ಬಂದೊಡನೆ ಗತಿ 118ರಿಂದ 121ಕ್ಕೆ ಏರುತ್ತಿತ್ತು, ಮತ್ತೆ ಪದ್ಯಕ್ಕೆ ಬಂದಾಗ ಮೆಲ್ಲಗೆ ಇಳಿಯುತ್ತಿತ್ತು. ಹಾಡಿನಿಂದ ಹಾಡಿಗೆ ಇದೇ ಕ್ರಮ. ಇದು ಅಭ್ಯಾಸದ ಕೊರತೆಯಲ್ಲ, ಇದು ಅವನ ನಡೆ. ಕ್ಲಿಕ್ಕಿಗೆ ಕಟ್ಟಿಹಾಕಿದಾಗ ನಾವು ಕಳೆದುಕೊಂಡದ್ದು ಇದನ್ನೇ. ಅವನಿಗೆ ಇದನ್ನೆಲ್ಲ ತೋರಿಸಿದೆ. ಅವನು ಪರದೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. “ಕ್ಲಿಕ್ ಕೇಳಿಸುತ್ತಿದ್ದರೆ ನನಗೆ ನಿನ್ನ ಬಾಸ್ ಕೇಳಿಸುವುದಿಲ್ಲ” ಎಂದ.

ಆ ಮಾತಿನ ಮೇಲೆ ಕೆಲಸದ ದಿಕ್ಕನ್ನೇ ತಿರುಗಿಸಿದೆವು. ಮೊದಲು ನಾನೂ ಅವನೂ ಎದುರುಬದುರು ಕುಳಿತು, ಕ್ಲಿಕ್ ಇಲ್ಲದೆ, ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸುವುದು. ಆ ನುಡಿಕೆಯಿಂದ ಟೆಂಪೊ ಮ್ಯಾಪ್ ತಯಾರಿಸುವುದು, ಅಂದರೆ ಕಂಪ್ಯೂಟರಿನ ಬಾರ್ (ನಾಲ್ಕು ಪೆಟ್ಟುಗಳ ಆವರ್ತ) ಗೆರೆಗಳನ್ನು ಅವನ ಹೊಡೆತಗಳಿಗೆ ಬಾಗಿಸುವುದು. ಯಂತ್ರಗಳೆಲ್ಲ ಆಮೇಲೆ ಬಂದು ಆ ಗೆರೆಗಳನ್ನು ಅನುಸರಿಸಬೇಕು.

ಹೊಡೆತಗಳನ್ನು ತಾನಾಗಿಯೇ ಗುರುತಿಸುವ ಸೌಲಭ್ಯ ತಂತ್ರಾಂಶದಲ್ಲಿತ್ತು. ನಂಬಿದೆವು, ಕೆಟ್ಟೆವು. ಸ್ನೇರ್ ಮೇಲಿನ ಮೆಲುದನಿಯ ನಡುಹೊಡೆತಗಳನ್ನೂ ಅದು ಪೆಟ್ಟೆಂದೇ ಎಣಿಸಿ ಗತಿಯನ್ನು ಎಲ್ಲೆಲ್ಲಿಗೋ ಹಾರಿಸುತ್ತಿತ್ತು. ಕೊನೆಗೆ ಪ್ರತಿ ಬಾರ್‌ನ ಮೊದಲ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಹೊಡೆತವನ್ನು ಕೈಯಿಂದಲೇ ಗುರುತು ಮಾಡುತ್ತಾ ಹೋದೆ. 148 ಬಾರ್‌ಗಳ ಹಾಡಿಗೆ ಎರಡು ಸಂಜೆ ಬೇಕಾದವು. ಮೊದಲ ಪೆಟ್ಟನ್ನು ಮಾತ್ರ ಗುರುತಿಸಬೇಕು ಎನ್ನುವುದನ್ನು ಒತ್ತಿ ಹೇಳುತ್ತೇನೆ. ಒಂದು ಹಾಡಿನಲ್ಲಿ ನಾನು ನಾಲ್ಕೂ ಪೆಟ್ಟುಗಳನ್ನು ಗುರುತಿಸಿದ್ದೆ. ಆಗ ಯಂತ್ರದ ಹೊಡೆತವೂ ಸ್ನೇರ್‌ನಷ್ಟೇ ತಡವಾಗಿ, ಅದರ ಮೇಲೆಯೇ ಬಿದ್ದು, ಎರಡೂ ಅಂಟಿಕೊಂಡು ಜೀವವೇ ಹೋಯಿತು. ಮೊದಲ ಪೆಟ್ಟಿನಲ್ಲಿ ಇಬ್ಬರೂ ಕೂಡಬೇಕು, ಉಳಿದ ಮೂರರಲ್ಲಿ ಯಂತ್ರ ತನ್ನ ಸಮನಾದ ಹೆಜ್ಜೆಯಲ್ಲಿ ನಡೆಯಬೇಕು. ಆಗ ಸ್ನೇರ್ ಆ ಹತ್ತು ಹನ್ನೆರಡು ಮಿಲಿಸೆಕೆಂಡ್ ಹಿಂದೆ ಬೀಳುವುದು ಕಿವಿಗೆ ಎಳೆತವಾಗಿ ತಾಗುತ್ತದೆ. ನಾವು ಹುಡುಕುತ್ತಿದ್ದ ಬೆರಕೆ ಆ ಸಣ್ಣ ಅಂತರದಲ್ಲಿತ್ತು.

ಗತಿ ಬದಲಾಗುತ್ತಾ ಹೋದರೆ ಅದರ ಹಿಂದೆ ಇನ್ನಷ್ಟು ಸಂಗತಿಗಳು ಬದಲಾಗುತ್ತವೆ. ಗಿಟಾರ್‌ಗೆ ನಾವು ಮುಕ್ಕಾಲು ಪೆಟ್ಟಿನ ಡಿಲೇ, ಅಂದರೆ ಅಷ್ಟು ತಡೆದು ಮರಳುವ ಪ್ರತಿಧ್ವನಿ, ಇಟ್ಟಿದ್ದೆವು. ಗತಿ 118 ಇದ್ದಾಗ ಅದು 381 ಮಿಲಿಸೆಕೆಂಡ್, 121 ಆದಾಗ 372. ಒಂಬತ್ತರ ಅಂತರ ಒಂದು ಪ್ರತಿಧ್ವನಿಯಲ್ಲಿ ಗೊತ್ತಾಗುವುದಿಲ್ಲ. ನಾಲ್ಕನೆಯ ಪ್ರತಿಧ್ವನಿಯ ಹೊತ್ತಿಗೆ ಮಸುಕು ಕವಿಯುತ್ತದೆ. ಡಿಲೇ ಅನ್ನು ಟೆಂಪೊ ಮ್ಯಾಪ್‌ಗೆ ಜೋಡಿಸಿದಾಗ ಇನ್ನೊಂದು ತೊಡಕು: ಟೇಪ್ ಡಿಲೇಯನ್ನು ಅನುಕರಿಸುವ ಸಾಧನಗಳಲ್ಲಿ ಅವಧಿ ಬದಲಾದರೆ ಶ್ರುತಿಯೂ ಜಾರುತ್ತದೆ. ಪ್ರತಿ ಬಾರ್‌ನ ಆರಂಭದಲ್ಲಿ ಗಿಟಾರ್‌ನ ಪ್ರತಿಧ್ವನಿಯ ಬಾಲ ಸಣ್ಣಗೆ ಓಲಾಡತೊಡಗಿತು. ಒಂದು ಹಾಡಿನಲ್ಲಿ ಅದು ಎಷ್ಟು ಸೊಗಸಾಗಿ ಕೂಡಿಬಂತೆಂದರೆ ಹಾಗೆಯೇ ಉಳಿಸಿಕೊಂಡೆವು. ಉಳಿದ ಕಡೆ ಶ್ರುತಿ ಜಾರಿಸದ ಡಿಜಿಟಲ್ ಡಿಲೇ ಬಳಸಿದೆವು.

ಕಂಪ್ಯೂಟರಿನ ಹೊರಗಿದ್ದ ಅನಲಾಗ್ ಸಿಂಥಸೈಜರ್ ಅನ್ನು ಈ ಬಾಗಿದ ಗತಿಗೆ ಒಗ್ಗಿಸುವುದು ನಾನು ಅಂಜಿದಷ್ಟು ಕಷ್ಟವಾಗಲಿಲ್ಲ. ವಾದ್ಯಗಳನ್ನೂ ಕಂಪ್ಯೂಟರನ್ನೂ ಜೋಡಿಸಲು 1983ರಲ್ಲಿ ಬಂದ ಮಿಡಿ ವ್ಯವಸ್ಥೆ ಪ್ರತಿ ಪೆಟ್ಟಿಗೂ 24 ಮಿಡಿತಗಳಂತೆ ಕಾಲವನ್ನು ಕಳುಹಿಸುತ್ತದೆ; ಗತಿ ಏರಿದರೆ ಮಿಡಿತಗಳು ಹತ್ತಿರವಾಗುತ್ತವೆ, ಅಷ್ಟೇ. ಧ್ವನಿ ಒಳಗೆ ಬರುವಾಗ ಆಗುವ ವಿಳಂಬ ಬೇರೆ ಮಾತು. 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ) ತೆಗೆಯುವಾಗ, 256 ಸ್ಯಾಂಪಲ್‌ಗಳು ಕೂಡುವವರೆಗೆ ಕಾಯುವ ಬಫರ್ ಇಟ್ಟರೆ ಅದೊಂದೇ 5.3 ಮಿಲಿಸೆಕೆಂಡ್. ಹತ್ತು ಮಿಲಿಸೆಕೆಂಡಿನಲ್ಲಿ ಹಾಡಿನ ಜೀವವಿದೆ ಎಂದು ಗೊತ್ತಾದ ಮೇಲೆ ಐದನ್ನು ಕಡೆಗಣಿಸುವುದು ಹೇಗೆ? ಪ್ರತಿ ದಿನ ಮೊದಲು ಒಂದು ಚಿಟುಕನ್ನು ಹೊರಗೆ ಕಳುಹಿಸಿ, ಮರಳಿ ಮುದ್ರಿಸಿಕೊಂಡು, ಎಷ್ಟು ಹಿಂದೆ ಬಿತ್ತೆಂದು ಅಳೆದು, ಅಂದಿನ ಮುದ್ರಣಗಳನ್ನೆಲ್ಲ ಅಷ್ಟು ಮುಂದಕ್ಕೆ ಸರಿಸುತ್ತಿದ್ದೆವು.

ಇನ್ನು ನನ್ನ ವಾದ್ಯದ ವಿಷಯ. ಬಾಸ್ ಗಿಟಾರ್‌ನ ತೀರ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಸಿಂಥಸೈಜರ್‌ನ ಬಾಸ್ ಕೂಡ ಅಲ್ಲಿಯೇ ಬಂದು ಕೂರುತ್ತದೆ. ಎರಡನ್ನೂ ಒಂದೇ ಸ್ವರದಲ್ಲಿ ನುಡಿಸಿದರೆ ಶಕ್ತಿ ಇಮ್ಮಡಿಯಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ತಂತಿ 41.2ರಲ್ಲಿ, ಆಸಿಲೇಟರ್ (ಸಿಂಥಸೈಜರ್‌ನಲ್ಲಿ ಸ್ವರ ಹುಟ್ಟಿಸುವ ಭಾಗ) 41.7ರಲ್ಲಿ ಇದ್ದರೆ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಸೊರಗುತ್ತದೆ. ಬಾರ್‌ನ ಒಂದು ಅರ್ಧದಲ್ಲಿ ನೆಲ ನಡುಗುತ್ತದೆ, ಇನ್ನೊಂದು ಅರ್ಧದಲ್ಲಿ ನೆಲವೇ ಇರುವುದಿಲ್ಲ. ಅನಲಾಗ್ ಆಸಿಲೇಟರ್‌ಗಳು ಬಿಸಿಯೇರುವವರೆಗೆ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಅರ್ಧ ಗಂಟೆ ಮೊದಲೇ ಚಾಲೂ ಮಾಡಿಟ್ಟು, ಆಮೇಲೆ ಶ್ರುತಿ ಕೂಡಿಸಿದರೂ ಈ ಓಲಾಟ ಪೂರ್ತಿ ಹೋಗಲಿಲ್ಲ. ತಂತಿಯ ಶ್ರುತಿಯೂ ಮೀಟಿದ ಕ್ಷಣದಲ್ಲಿ ತುಸು ಮೇಲಿದ್ದು ಆಮೇಲೆ ಇಳಿಯುತ್ತದಲ್ಲ.

ಇಬ್ಬರಲ್ಲಿ ಒಬ್ಬರು ತಳವನ್ನು ಬಿಡಬೇಕಿತ್ತು. ಬಿಟ್ಟವನು ನಾನು. ಕಿಕ್ ಡ್ರಮ್ ಮೊದಲ ಪೆಟ್ಟನ್ನು ಹೊಡೆದಾಗ ಅದರ ಜೊತೆಗೇ ಬಂದು ನಿಲ್ಲುವ ಬಾಸ್ ನನ್ನ ಪಾಲಿಗೆ ಬ್ಯಾಂಡಿನ ಅಡಿಪಾಯ. ಅದನ್ನು ಕತ್ತರಿಸುವ ಗುಂಡಿಯನ್ನು ನಾನೇ ತಿರುಗಿಸಬೇಕಾಗಿ ಬಂದ ದಿನ ಮನಸ್ಸು ಭಾರವಾಗಿತ್ತು. 90 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸಿಂಥಸೈಜರ್‌ನ ಮೇಲ್ಸ್ವರಗಳಿಲ್ಲದ ಶುದ್ಧ ಸೈನ್ ಅಲೆಗೆ, ಮೇಲಿನದು ನನಗೆ. ಬಾಸ್ ಮೇಲೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಹಾಕಿ ಅದರ ಮೇಲ್ಸ್ವರಗಳನ್ನು ದಟ್ಟವಾಗಿಸಿದೆ. ಬೆರಳು ತಂತಿಗೆ ತಾಗುವ ಸದ್ದು, ಎಳೆಯುವಾಗಿನ ಕರಕರ ಎಲ್ಲವೂ ಮೊದಲಿಗಿಂತ ಮುಂದೆ ಬಂದವು. ಸೈನ್ ಅಲೆಯ ಸ್ವರಗಳನ್ನು ನನ್ನ ನುಡಿಕೆಯ ಹೊತ್ತಿಗೆ ಸರಿಯಾಗಿ ಜೋಡಿಸಿದ್ದರಿಂದ ಕೇಳುವವರಿಗೆ ಎರಡು ಬಾಸ್‌ಗಳಿವೆ ಎಂದು ತೋರುವುದಿಲ್ಲ. ಒಂದೇ ದೊಡ್ಡ ಬಾಸ್ ಎನ್ನಿಸುತ್ತದೆ. ಆಲ್ಬಂನ ಒಂಬತ್ತು ಹಾಡುಗಳ ಪೈಕಿ ಆರರಲ್ಲಿ ಹೀಗೆಯೇ ಮಾಡಿದೆವು. ಇಂದು ಕೇಳಿದರೆ ಆ ಆರರಲ್ಲೇ ನನ್ನ ಬೆರಳುಗಳು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತವೆ.

ಗಿಟಾರ್ ವಾದಕನ ಕಷ್ಟ ಬೇರೆ ಬಗೆಯದು. ರೇಡಿಯೊಹೆಡ್ ತಂಡ 2000ದಲ್ಲಿ ಹೊರತಂದ ‘ಕಿಡ್ ಎ’ ಅವನಿಗೆ ತುಂಬ ಪ್ರಿಯವಾದ ಆಲ್ಬಂ, ಆದರೆ ಅದರಲ್ಲಿ ಗಿಟಾರ್ ಹಿಂದೆ ಸರಿದದ್ದು ಅವನನ್ನು ಕಾಡುತ್ತಿತ್ತು. ಅವನ ನುಡಿಕೆಯನ್ನು ನಾನು 30–40 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಚೂರುಗಳನ್ನು ಹರಡಿ, ಒಂದು ಮೋಡದಂಥ ಧ್ವನಿ ಮಾಡಿ ಕೇಳಿಸಿದಾಗ “ಇದರಲ್ಲಿ ನಾನು ನುಡಿಸಿದ್ದು ಎಲ್ಲಿದೆ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅದೇ ತಂಡದ ಜಾನಿ ಗ್ರೀನ್‌ವುಡ್ ನುಡಿಸುವ ಓಂಡ್ ಮಾರ್ಟೆನೊ ವಾದ್ಯದ ಮಾತು ಆಗ ಬಂತು. 1928ರಲ್ಲಿ ಮೊದಲು ಜನರ ಮುಂದೆ ಬಂದ ವಿದ್ಯುತ್ ವಾದ್ಯ ಅದು. ಬೆರಳಿಗೆ ಹಾಕಿಕೊಂಡ ಉಂಗುರವನ್ನು ಸರಿಸುತ್ತಾ ಸ್ವರವನ್ನು ಎಳೆಯಬಹುದು. ಮನುಷ್ಯನ ಬೆರಳಿನ ಕಂಪನ ಅದರಲ್ಲಿ ಉಳಿಯುತ್ತದೆ. ಅಲ್ಲಿಂದ ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು: ಚೂರು ಮಾಡುವ ಯಂತ್ರದ ಗುಂಡಿಗಳು ಗಿಟಾರ್ ವಾದಕನ ಕಾಲಡಿಯ ಪೆಡಲ್‌ನಲ್ಲಿರಬೇಕು, ಮುದ್ರಣ ನಡೆಯುವಾಗಲೇ ಅವನು ಅವುಗಳನ್ನು ಒತ್ತಬೇಕು. ಬೇರೆಯವರ ಮುದ್ರಣದಿಂದ ಎತ್ತಿದ ಸ್ಯಾಂಪಲ್ ಒಂದೂ ಬೇಡ, ಎಲ್ಲ ಸದ್ದೂ ನಮ್ಮ ಕೈಯಿಂದ ಹುಟ್ಟಿರಬೇಕು. ಹಕ್ಕುಸ್ವಾಮ್ಯದ ತಲೆನೋವೂ ಅಲ್ಲಿಗೇ ಮುಗಿಯಿತು.

ಎರಡು ಕೋಣೆಗಳ ಭಾವನೆ ಹೋದದ್ದು ಮಾತ್ರ ಒಂದು ಸರಳ ಕೆಲಸದಿಂದ. ಸಿಂಥಸೈಜರ್ ಧ್ವನಿ ಕೇಬಲ್‌ನಲ್ಲಿ ನೇರವಾಗಿ ಕಂಪ್ಯೂಟರ್ ಸೇರುತ್ತದೆ. ಅದು ಗಾಳಿಯನ್ನೇ ಕಂಡಿರುವುದಿಲ್ಲ. ಡ್ರಮ್ ಮುದ್ರಿಸಿದ ಅದೇ ಕೋಣೆಯಲ್ಲಿ ಗಿಟಾರ್ ಆಂಪ್ (ಸ್ಪೀಕರ್ ಇರುವ ಧ್ವನಿವರ್ಧಕ) ಇಟ್ಟು, ಸಿಂಥಸೈಜರ್ ಅನ್ನು ಅದರ ಮೂಲಕ ನುಡಿಸಿ, ಅದೇ ಮೈಕುಗಳಲ್ಲಿ ಮತ್ತೆ ಮುದ್ರಿಸಿಕೊಂಡೆವು. ನೇರವಾಗಿ ಜೋಡಿಸಬಾರದು, ಗಿಟಾರ್‌ಗೆಂದು ಮಾಡಿದ ಆಂಪ್‌ಗೆ ಆ ಧ್ವನಿಮಟ್ಟ ತೀರ ಹೆಚ್ಚು. ಮಟ್ಟ ಇಳಿಸಿ ಇಂಪೀಡೆನ್ಸ್ (ವಿದ್ಯುತ್ ತಡೆ) ಹೊಂದಿಸುವ ರೀಆಂಪ್ ಪೆಟ್ಟಿಗೆ ನಡುವೆ ಬೇಕು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್‌ನ ಮೇಲೆ ಹೆಚ್ಚೇನನ್ನೂ ಹೊರಡಿಸದಿರುವುದರಿಂದ ಗಾಜಿನಂಥ ಮೇಲ್ಪದರ ತಾನಾಗಿಯೇ ಉದುರಿತು. ಮೂರು ಮೀಟರ್ ದೂರದ ಮೈಕಿಗೆ ಧ್ವನಿ ಸುಮಾರು 9 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದನ್ನು ಸರಿಪಡಿಸಲು ಹೋಗಲಿಲ್ಲ. ಆ ತಡವೇ ಕೋಣೆಯ ಗುರುತು, ಡ್ರಮ್‌ಗೂ ಅದೇ ತಡವಿದೆ.

ಗಾಯಕಿಗೆ ಯಾವ ತೊಂದರೆಯೂ ಆಗಲಿಲ್ಲ. ಏರಿಳಿಯುವ ಗತಿಯ ಮೇಲೆ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ ಎಂದಳು. ಹೆಚ್ಚಿನ ಹಾಡುಗಳನ್ನು ಎರಡನೆಯ ಮೂರನೆಯ ಸಲಕ್ಕೆ ಮುಗಿಸಿದಳು.

ಎಲ್ಲ ಹಾಡಿಗೂ ಈ ವಿಧಾನ ಸರಿಹೋಗಲಿಲ್ಲ ಎನ್ನುವುದನ್ನೂ ಹೇಳಬೇಕು. ಏಳನೆಯ ಹಾಡು ನಾಲ್ಕು ಸ್ವರಗಳ ಒಂದೇ ಸೀಕ್ವೆನ್ಸ್ ಆರು ನಿಮಿಷ ಸುತ್ತುವಂಥದ್ದು. ಡ್ರಮ್ಮರ್‌ನ ನಡೆಗೆ ಅದನ್ನು ಬಾಗಿಸಿದಾಗ ಸೀಕ್ವೆನ್ಸ್ ಅನುಮಾನಿಸುತ್ತಾ ನಡೆಯುವಂತೆ ಕೇಳಿಸಿತು. ಅದರ ಸತ್ವವಿದ್ದದ್ದು ಅಲುಗಾಡದಿರುವುದರಲ್ಲೇ. ಡ್ರಮ್ಮರ್ ಅಲ್ಲಿ ಕೋಲುಗಳನ್ನು ಕೆಳಗಿಟ್ಟು, ಡ್ರಮ್ ಮಷೀನ್‌ನ ಪ್ರತಿ ಹೊಡೆತವೂ ಎಷ್ಟು ಹೊತ್ತು ಮೊಳಗಬೇಕು, ಎಷ್ಟು ಬೇಗ ಆರಬೇಕು ಎಂಬುದನ್ನು ಆರು ನಿಮಿಷವೂ ಕೈಯಿಂದ ತಿರುಗಿಸುತ್ತಾ ಕುಳಿತ. ಗತಿ ಯಂತ್ರದ್ದು, ತೂಕ ಅವನದು. ಆಲ್ಬಂನಲ್ಲಿ ನನಗೆ ಅತ್ಯಂತ ಇಷ್ಟವಾದ ತಾಳವಾದನ ಅದೇ.

ವೇದಿಕೆಯ ಮೇಲೆ ನುಡಿಸುವ ಸಮಯ ಬಂದಾಗ ಮತ್ತೆ ಮೊದಲಿಗೇ ಬಂದು ನಿಂತೆವು. ಟೆಂಪೊ ಮ್ಯಾಪ್ ಎಂದರೆ ಒಂದು ದಿನದ ನುಡಿಕೆಯ ಅಚ್ಚು. ಇನ್ನೊಂದು ದಿನ ಅವನ ಗತಿ ಬೇರೆ ಇರುತ್ತದೆ. ಕಿವಿಗೆ ಕ್ಲಿಕ್ ಕೊಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಹಾಗಾಗಿ ಯಂತ್ರದ ಭಾಗಗಳನ್ನು ತುಂಡು ಮಾಡಿ, ಅವನ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಪ್ಯಾಡ್ ಇಟ್ಟೆವು. ಒಂದು ತುಂಡು ಮುಗಿಯುವಾಗ ಅವನೇ ಕೋಲಿನಿಂದ ಹೊಡೆದು ಮುಂದಿನದನ್ನು ಕರೆಯುತ್ತಾನೆ. ನಾಲ್ಕು ಬಾರ್‌ಗಳ ತುಂಡು ಮಾಡಿದಾಗ ಆಗಲಿಲ್ಲ. 118ಕ್ಕೂ 121ಕ್ಕೂ ನಡುವೆ ಅಷ್ಟು ಉದ್ದಕ್ಕೆ ಸುಮಾರು 200 ಮಿಲಿಸೆಕೆಂಡ್ ವ್ಯತ್ಯಾಸ ಬಂದು ಎಡವಿದಂತೆ ಕೇಳಿಸಿತು. ಒಂದೊಂದು ಬಾರ್‌ಗೆ ಇಳಿಸಿದಾಗ ವ್ಯತ್ಯಾಸ 50ಕ್ಕೆ ಬಂತು, ತುಂಡಿನ ಕೊನೆಯನ್ನು ಮೆಲ್ಲಗೆ ಕರಗಿಸಿದರೆ ಅದು ಮುಚ್ಚಿಹೋಗುತ್ತದೆ. ಪ್ರತಿ ಬಾರ್‌ನ ಮೊದಲ ಪೆಟ್ಟಿಗೂ ಅವನು ಒಂದು ಹೊಡೆತ ಹೆಚ್ಚು ಹೊಡೆಯಬೇಕು. ಅದಕ್ಕೆ ತನ್ನ ಎಡಗೈಯ ನುಡಿಕೆಯನ್ನೇ ಬದಲಿಸಿಕೊಂಡ. ಹಲವು ಬಾರ್‌ಗಳ ಮೇಲೆ ಹಬ್ಬಿ ನಿಲ್ಲುವ ದೀರ್ಘ ಸ್ವರಗಳನ್ನು ಮಾತ್ರ ಹೀಗೆ ತುಂಡರಿಸಲು ಬರುವುದಿಲ್ಲ. ಅವುಗಳನ್ನು ನಾನು ಬಾಸ್ ನುಡಿಸುತ್ತಲೇ ಕಾಲಿನ ಪೆಡಲ್‌ಗಳಲ್ಲಿ ಹಿಡಿಯುತ್ತೇನೆ, ಅವನ ಎಡಗೈಯನ್ನು ನೋಡಿಕೊಂಡು ಬಿಡುತ್ತೇನೆ.