ಪೈಪ್ ಎಲ್ಲಿ ಕಟ್ಟಿದೆ? ಮೊದಲು ಚೇಂಬರ್ ಮುಚ್ಚಳ ತೆಗೆದು ನೋಡಿ

ಒಂದೇ ಒಂದು ಸಿಂಕಿನ ನೀರು ನಿಧಾನವಾಗಿ ಇಳಿಯುತ್ತಿದ್ದರೆ ನಾನು ಮೇನ್ ಲೈನಿಗೆ, ಅಂದರೆ ಮನೆಯ ಎಲ್ಲ ಕೊಳಚೆ ನೀರು ಸೇರಿ ಹೊರಗೆ ಹೋಗುವ ಪೈಪಿಗೆ, ಕೈ ಹಾಕುವುದಿಲ್ಲ. ಕಸ ಅದರ ಟ್ರ್ಯಾಪಿನಲ್ಲೋ (ನಾತ ತಡೆಯಲು ಸ್ವಲ್ಪ ನೀರು ಹಿಡಿದಿಡುವ ಭಾಗ) ಪಕ್ಕದ ಸಣ್ಣ ಪೈಪಿನಲ್ಲೋ ಇರುತ್ತದೆ. ಆದರೆ ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲಿನ ಫ್ಲೋರ್ ಟ್ರ್ಯಾಪ್ ಗುಳುಗುಳು ಅಂದರೆ, ವಾಷಿಂಗ್ ಮಷೀನ್ ನೀರು ಬಿಟ್ಟಾಗ ಕಮೋಡಿನ ನೀರು ಮೇಲೇರಿದರೆ, ಅನುಮಾನ ಮೇನ್ ಲೈನಿನ ಮೇಲೆ. ಮುಂದೆ ದಾರಿ ಸಿಗದ ನೀರು ತಗ್ಗಿನಲ್ಲಿರುವ ಬಾಯಿಂದಲೇ ಉಕ್ಕುತ್ತದೆ. ಹಾಗಾಗಿ ನೆಲಮಹಡಿಯ ಬಚ್ಚಲನ್ನು ಮೊದಲು ನೋಡಿ.

ಆಗ ಎಲ್ಲ ನಲ್ಲಿ ನಿಲ್ಲಿಸಿ, ಚೇಂಬರ್ (ಮೇನ್ ಲೈನಿನ ದಾರಿಯಲ್ಲಿ ಪೈಪ್ ನೋಡಲು ಕಟ್ಟಿದ ಗುಂಡಿ) ಮುಚ್ಚಳಗಳನ್ನು ಮನೆಯಿಂದ ಬೀದಿಯ ಕಡೆಗೆ ಒಂದೊಂದಾಗಿ ತೆಗೆಯುತ್ತೇನೆ. ತೆಗೆದ ಕೂಡಲೇ ಬಗ್ಗಬೇಡಿ, ಗಾಳಿಯಾಡಲಿ. ಒಳಗೆ ಇಳಿಯುವುದಂತೂ ಬೇಡವೇ ಬೇಡ. ಕೊಳಚೆಯಿಂದ ಏಳುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಜೀವ ಹೋಗುತ್ತದೆ.

ಒಂದು ಚೇಂಬರ್ ತುಂಬಿ ಅದರ ಮುಂದಿನದು ಖಾಲಿಯಿದ್ದರೆ ಅಡ್ಡಿ ಇರುವುದು ಆ ಎರಡರ ನಡುವೆ. ಎಲ್ಲವೂ ತುಂಬಿದ್ದರೆ ತೊಂದರೆ ಕೊನೆಯ ಚೇಂಬರಿನ ಆಚೆಗೆ. ಮೊದಲನೆಯದೇ ಖಾಲಿಯಿದ್ದರೆ ಮನೆಯ ಒಳಗಿನ ಪೈಪ್ ಕಟ್ಟಿದೆ. ಈಗ ನೀರು ಇಳಿದಿದ್ದರೂ ಚೇಂಬರ್ ಗೋಡೆಯ ಮೇಲೆ, ಪೈಪಿನ ಬಾಯಿಗಿಂತ ಎತ್ತರದಲ್ಲಿ ಒಣಗಿದ ಜಿಡ್ಡಿನ ಗೆರೆ, ಅಂಟಿದ ಕಾಗದದ ಚೂರು ಕಂಡರೆ ಅಲ್ಲಿ ಹಿಂದೊಮ್ಮೆ ನೀರು ಕಟ್ಟಿ ನಿಂತಿತ್ತು ಅಂತಲೇ ಲೆಕ್ಕ.

ಆ್ಯಸಿಡ್ ಸುರಿಯಬೇಡಿ. ಕಟ್ಟಿಕೊಂಡ ಜಾಗಕ್ಕೆ ಅದು ತಲುಪುವುದು ಕಷ್ಟ, ಆಮೇಲೆ ಅಡ್ಡಿ ಬಿಡಿಸಲು ರಾಡ್ ಹಾಕುವವರ ಕೈ, ಮುಖ ಸುಡುತ್ತದೆ. ನಾನು ಖಾಲಿ ಚೇಂಬರಿನಿಂದ ತುಂಬಿದ್ದರ ಕಡೆಗೆ ರಾಡ್ ತಳ್ಳುತ್ತೇನೆ. ಬಲಕ್ಕೆ ಮಾತ್ರ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ರಾಡಿನ ತುಂಡುಗಳನ್ನು ಜೋಡಿಸಿದ ತಿರುಪು ಬಿಚ್ಚಿಕೊಂಡು ಒಂದು ತುಂಡು ಒಳಗೇ ಉಳಿದುಬಿಡುತ್ತದೆ. ರಾಡಿನ ತುದಿಗೆ ಏನು ಬಂತು ಎಂಬುದನ್ನು ತೊಳೆಯುವ ಮುಂಚೆ ನೋಡಿ. ಬರೀ ಜಿಡ್ಡು, ಬಟ್ಟೆ ಬಂದರೆ ಪೈಪ್ ಸರಿಯಿರಬಹುದು. ಕೂದಲಿನಂಥ ಬೇರು ಬಂದರೆ ಜಾಯಿಂಟ್ ಬಾಯಿ ಬಿಟ್ಟಿದೆ. ಹಸಿ ಮಣ್ಣು ಬಂದರೆ ಪೈಪ್ ಒಡೆದಿರುವ ಸಾಧ್ಯತೆ ಹೆಚ್ಚು. ಅಗೆಯದೆ ಬೇರೆ ದಾರಿ ಕಷ್ಟ.

ಅದೇ ಜಾಗ ಮತ್ತೆ ಮತ್ತೆ ಕಟ್ಟಿದರೆ ಇಳಿಜಾರು ಅಳೆಯಿರಿ. 110 ಮಿ.ಮೀ. ಪೈಪಿಗೆ 40ಕ್ಕೆ 1, ಅಂದರೆ ಮೀಟರಿಗೆ 25 ಮಿ.ಮೀ. ಇಳಿತ ಒಳ್ಳೆಯದು. ನಡುವೆ ಪೈಪ್ ಕುಸಿದಿದ್ದರೆ ಅಲ್ಲಿ ಸದಾ ನೀರು ನಿಂತು ಗಟ್ಟಿ ಕಸ ತಳಕ್ಕೆ ಕೂರುತ್ತದೆ.

ನೀರು ಸಲೀಸಾಗಿ ಹರಿದರೂ ನಾತ ಬರುತ್ತದೆಯೇ? ಬಳಸದ ಫ್ಲೋರ್ ಟ್ರ್ಯಾಪಿಗೆ ಒಂದು ಬಕೆಟ್ ನೀರು ಹಾಕಿ. ಟ್ರ್ಯಾಪಿನಲ್ಲಿ ಸುಮಾರು 50 ಮಿ.ಮೀ. ನೀರು ನಿಂತಿದ್ದರೆ ಗಾಳಿ ಮೇಲೆ ಬರುವುದಿಲ್ಲ. ದಿನವೂ ಬಳಸುವ ಟ್ರ್ಯಾಪಿನ ನೀರೂ ಎಳೆದುಕೊಂಡು ಹೋಗುತ್ತಿದ್ದರೆ ತಾರಸಿ ಹತ್ತಿ ವೆಂಟ್ ಪೈಪಿನ (ಲೈನಿಗೆ ಗಾಳಿಯಾಡಲು ಬಿಟ್ಟ ಪೈಪ್) ಬಾಯಿ ನೋಡಿ. ಎಲೆಯೋ ಹಕ್ಕಿಗೂಡೋ ಸಿಕ್ಕಿಕೊಂಡಿರಬಹುದು.