ಹಾಲಿನ ಸೊಸೈಟಿಯಲ್ಲಿ ಕ್ಷಯದ ಮಾತ್ರೆ: ನನ್ನ ಅನುಭವ

ಕ್ಷಯದವರಿಗೆ ಮಾತ್ರೆ ನುಂಗಿಸುವ ಕೆಲಸ ನನ್ನದು. ಮಾತ್ರೆ ಪೂರ್ತಿ ಬಿಟ್ಟವರು ನನಗೆ ಅಷ್ಟು ತಲೆನೋವಲ್ಲ. ವಾಂತಿ ಬರುತ್ತದೆಂದು ನಾಲ್ಕರಲ್ಲಿ ಎರಡೇ ನುಂಗುವವರು, ವಾರಕ್ಕೆ ಮೂರು ದಿನ ಮರೆಯುವವರು, ಔಷಧಿಗೆ ಬಗ್ಗದ ಕ್ಷಯ ತಯಾರಾಗುವುದು ಇವರಲ್ಲಿ. ಗುಳಿಬಿದ್ದ ಶ್ವಾಸಕೋಶದಲ್ಲಿ ಕ್ಷಯಾಣು ಕೋಟಿಗಟ್ಟಲೆ. ಕ್ಷಯದ ಮುಖ್ಯ ಔಷಧಿ ಎರಡು, ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್. ಅಂದಾಜು 10 ಕೋಟಿಗೆ ಒಂದು ಹುಟ್ಟಿನಿಂದಲೇ ರಿಫಾಂಪಿಸಿನ್‌ಗೆ ಬಗ್ಗದು, 10 ಲಕ್ಷಕ್ಕೆ ಒಂದು ಐಸೋನಿಯಾಜಿಡ್‌ಗೆ. ಎರಡೂ ಪೂರ್ತಿ ಪ್ರಮಾಣದಲ್ಲಿ ಹೋದರೆ ಒಂದಕ್ಕೆ ಉಳಿದದ್ದನ್ನು ಇನ್ನೊಂದು ಕೊಲ್ಲುತ್ತದೆ. ಪ್ರಮಾಣ ಇಳಿದರೆ ಪಾಪದವು ಸತ್ತು ಗಟ್ಟಿಗರಿಗೆ ಜಾಗ ಖಾಲಿ.

ವಾರದ ಮಾತ್ರೆ ಒಟ್ಟಿಗೆ ಕೊಟ್ಟು ಸೋತೆ. ಸಂಜೆ ಕೂಲಿ ಮುಗಿದ ಮೇಲೆ ಕೊಟ್ಟೆ; ಹೊಟ್ಟೆಯಲ್ಲಿ ಊಟ, ಕೆಲವರಲ್ಲಿ ಕಳ್ಳು. ಊಟದ ಮೇಲೆ ರಿಫಾಂಪಿಸಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಲ್ಲ, ಬಾಟ್ಲಿಯಲ್ಲಿ ತರಿಸಿಯೂ ನೋಡಿದೆ. ಒಬ್ಬರು ಅರಸಿನ ಕಲಸಿ ತಂದರು, ಅದು ಅಡಿಯಲ್ಲಿ ಕೂತು ಸಿಕ್ಕಿಬಿದ್ದರು! ಅಲ್ಲದೆ ಬಣ್ಣ ಹೇಳುವುದು ಇವತ್ತಿನ ಕಥೆ ಮಾತ್ರ, ನಿನ್ನೆಯದ್ದಲ್ಲ.

ಕೊನೆಗೆ ಹಿಡಿದದ್ದು ಹಾಲಿನ ಸೊಸೈಟಿ. ಪೆರ್ಲ, ಬದಿಯಡ್ಕದ ಕಡೆ ಬೆಳಗ್ಗೆ ಆರೂವರೆಗೆ ಕ್ಯಾನು ಹಿಡಿದು ಹೇಗೂ ಬರುತ್ತಾರೆ, ಅದೂ ಖಾಲಿ ಹೊಟ್ಟೆಯಲ್ಲಿ. "ಹಾಲಿನ ಜಾಗಕ್ಕೆ ಕ್ಷಯದವರಾ? ನಿಮಗೆ ಮರುಳಾ ಮಾರಾಯ್ರೇ?" ಎಂದರು ಕೆಲವರು. ಟ್ರೂನ್ಯಾಟ್ ಎಂಬ ಕಫ ಪರೀಕ್ಷೆಯಲ್ಲಿ ಕ್ಷಯಾಣು ರಿಫಾಂಪಿಸಿನ್‌ಗೆ ಬಗ್ಗುತ್ತದೆಂದು ಬಂದವರಿಗೆ ಮಾತ್ರ ಈ ದಾರಿ. ಮೊದಲ ಎರಡು ವಾರ ನಾನೇ ಮನೆಗೆ ಹೋಗುತ್ತೇನೆ. ಆಮೇಲೆ ಹರಡುವುದು ತುಂಬ ಕಡಿಮೆ. ಹಿಂದಿನ ಜಗಲಿಯಲ್ಲಿ ನೀರು, ಮಾತ್ರೆ, ಎರಡು ಮಾತು. ಗಂಜಿ ಒಂದು ಗಂಟೆ ಬಿಟ್ಟು. ನಾಲಿಗೆಯಡಿ ಬಚ್ಚಿಟ್ಟವರನ್ನು ಹೇಗೆ ಹಿಡಿಯುತ್ತೇನೆಂದು ಬರೆಯುವುದಿಲ್ಲ, ಬರೆದರೆ ನಾಳೆಯಿಂದ ನಡೆಯದು.

ಹಿಂಡಿ ಮೂಟೆ ತೂಗುವ ತಕ್ಕಡಿಯ ಮೇಲೇ ತಿಂಗಳಿಗೊಮ್ಮೆ ನಿಲ್ಲಿಸುತ್ತೇನೆ. 35ರಿಂದ 49 ಕೆಜಿಗೆ ದಿನಕ್ಕೆ ಮೂರು ಮಾತ್ರೆ, 50ರಿಂದ 64ಕ್ಕೆ ನಾಲ್ಕು. ಐದಾರು ಕೆಜಿ ಏರಿ 50 ದಾಟಿದವರು ಹಳೆಯ ಮೂರರಲ್ಲೇ ಉಳಿಯುವುದುಂಟು, ಇದನ್ನು ನಮ್ಮವರೇ ಗಮನಿಸುವುದಿಲ್ಲ.

ಖರ್ಚು? ಮನೆಮನೆ ತಿರುಗುವಾಗ ಪೆಟ್ರೋಲಿಗೇ ತಿಂಗಳಿಗೆ 1,800ರ ಹತ್ತಿರ; ಈಗ 600 ಸಾಕು, ಚಹಾ ಸೇರಿ. ಈ ದಾರಿಗೆ ಬಂದ 14 ಜನರಲ್ಲಿ 13 ಮಂದಿ ಆರು ತಿಂಗಳು ಮುಗಿಸಿದರು. ಉಳಿದ ಒಬ್ಬರು ಮಂಗಳೂರಿಗೆ ಕೆಲಸಕ್ಕೆ ಹೋದರು. ಸರಕಾರದ ಕ್ಷಯ ದಾಖಲೆಯ ನಿಕ್ಷಯ್ ನಂಬರು ಅಲ್ಲಿಗೂ ನಡೆಯುತ್ತದೆ, ಚೀಟಿಯಲ್ಲಿ ಬರೆದು ಪರ್ಸಿಗೆ ಹಾಕಿಸಿದ್ದೆ.

ಎರಡು ತಿಂಗಳಾದರೂ ಕಫದಲ್ಲಿ ಕ್ಷಯಾಣು ಕಾಣಿಸಿದರೆ ಇನ್ನೊಂದೇ ಮಾತ್ರೆ ಸೇರಿಸಿ ನೋಡೋಣ ಎನ್ನುವವರಿದ್ದಾರೆ. ಹಳೆಯವು ಸೋತಿದ್ದರೆ ಆ ಹೊಸದೂ ಒಂಟಿಯಾಗಿ ಸೋಲುತ್ತದೆ. ನಾನು ಮುಂಜಾನೆಯ ಕಫ, ಎಂಜಲಲ್ಲ, ತೆಗೆಸಿ ಅದೇ ದಿನ ಮತ್ತೆ ಪರೀಕ್ಷೆಗೆ ಕಳಿಸುತ್ತೇನೆ.