ಹೊರದೇಶದಲ್ಲಿ ಮಡಿದವನಿಗೆ ಊರಲ್ಲೊಂದು ಕಲ್ಲು

ಎರಡನೇ ಮಹಾಯುದ್ಧದಲ್ಲಿ ಇಟಲಿ, ಬರ್ಮಾ, ಸಿಂಗಪುರದಲ್ಲಿ ತೀರಿಕೊಂಡ ಹುಡುಗರಿಗೆ ಸ್ಮಾರಕ ಮಾಡುವಾಗ ನಮ್ಮ ಮುಕ್ಕಾಲು ಪಾಲು ಹೊತ್ತು ಹೋಗುವುದು ಕಲ್ಲಿಗಲ್ಲ, ಹೆಸರಿಗೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಮಡಿದವರ ಹೆಸರು ಹುಡುಕಲು ದುಡ್ಡು ಕೊಡಬೇಕಿಲ್ಲ. ಆದರೆ ಮರಿಯಪ್ಪನಂಥವರ ಹೆಸರನ್ನು ಅಂದಿನ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿರುತ್ತಾನೆ. ಆದ್ದರಿಂದ ಸೇನೆ ಕೊಟ್ಟ ಸರ್ವೀಸ್ ನಂಬರಿನಿಂದಲೇ ಶುರುಮಾಡುತ್ತೇವೆ. ಪದಕದ ಅಂಚಿನಲ್ಲೋ ಪಿಂಚಣಿ ಕಾಗದದಲ್ಲೋ ಅದು ಇರಬಹುದು. ಇಲ್ಲವಾದರೆ ರೆಜಿಮೆಂಟ್, ವರ್ಷ ಹಾಕಿ ಪಟ್ಟಿಯನ್ನು ಪೂರ್ತಿ ಓದಬೇಕು. ತಂದೆಯ ಹೆಸರು, ಊರು ಎರಡೂ ತಾಳೆಯಾಗದೆ ಒಪ್ಪುವುದಿಲ್ಲ. ಒಂದೇ ಪಡೆಯಲ್ಲಿ ಮುನಿಸ್ವಾಮಿಗಳು ಹಲವರು.

ಆಮೇಲೆ ಜಾಗ. ಆಯೋಗದ ದಾಖಲೆಯಲ್ಲಿ ‘2, ಇ, 14’ ಎಂಬಂತಿದ್ದರೆ ಎರಡನೇ ವಿಭಾಗ, ಇ ಸಾಲು, 14ನೇ ಗೋರಿ. ‘ಕಾಲಂ’ ಅಥವಾ ‘ಫೇಸ್’ ಎಂದಿದ್ದರೆ ಅಲ್ಲಿರುವುದು ಕೆತ್ತಿದ ಹೆಸರಷ್ಟೇ. ದಹನವಾದವರು, ಶವ ಸಿಗದವರು ಸಿಂಗಪುರದ ಕ್ರಾಂಜಿಯಲ್ಲಿ, ರಂಗೂನ್ ಬಳಿಯ ಟೌಕ್‌ಯಾನ್‌ನಲ್ಲಿ ಹೀಗೆಯೇ ಇದ್ದಾರೆ. ಅಂಥವನ ಕಲ್ಲಿನಲ್ಲಿ ‘ಸಮಾಧಿ’ ಎಂಬ ಪದ ಬರಕೂಡದು.

ಸತ್ತ ಸನ್ನಿವೇಶಕ್ಕೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಯುದ್ಧ ದಿನಚರಿಗಳು: ಇಟಲಿಗೆ ಡಬ್ಲ್ಯುಒ (ಬ್ರಿಟಿಷ್ ಯುದ್ಧ ಇಲಾಖೆಯ ಕಡತಮಾಲೆ) 170, ಬರ್ಮಾಕ್ಕೆ 172. ಸಾಮಾನ್ಯ ಸಿಪಾಯಿಯ ಹೆಸರು ಅವುಗಳಲ್ಲಿ ಅಪರೂಪ; ಪಡೆ ಮತ್ತು ತಾರೀಖು ಹಿಡಿದು ಓದಿ.

ಆ ಸ್ಮಶಾನಕ್ಕೆ ಹೋಗುವವರಿಂದ ಗೋರಿಕಲ್ಲಿನ ಫೋಟೊ ತರಿಸುವಾಗ ಒಂದು ಮಾತು ಹೇಳಿಬಿಡಿ. ಬಿಳಿ ಕಲ್ಲಿನ ಅಕ್ಷರ ನೆತ್ತಿಯ ಬಿಸಿಲಲ್ಲಿ ಸರಿಯಾಗಿ ಕಾಣುವುದಿಲ್ಲ. ಬೆಳಕು ಅಡ್ಡಡ್ಡ ಬೀಳುವ ಹೊತ್ತು ಬೇಕು. ಸೀಮೆಸುಣ್ಣ, ತಂತಿ ಬ್ರಷ್ ಮುಟ್ಟಿಸಬೇಡಿ. ಸುಣ್ಣಕಲ್ಲಾಗಿದ್ದರೆ ಸವೆಯುತ್ತದೆ.

ನಮ್ಮ ಕಲ್ಲು 60×45 ಸೆಂ.ಮೀ., 5 ಸೆಂ.ಮೀ. ದಪ್ಪ, ಪಾಲಿಶ್ ಮಾಡಿದ ಕರಿ ಗ್ರಾನೈಟ್. ಕೊರೆದ ಕಡೆ ತಾನಾಗಿ ಬೂದುಬಣ್ಣ ತೋರುವುದರಿಂದ ಪೇಂಟ್ ಬೇಕಿಲ್ಲ. ಅಕ್ಷರ 25 ಮಿ.ಮೀ. ಎತ್ತರ, 3 ಮಿ.ಮೀ. ಆಳ. ಸಾಲಿನಿಂದ ಸಾಲಿಗೆ 55 ಮಿ.ಮೀ. ಇಡಿ, ಇಂಗ್ಲಿಷ್ ಅಕ್ಷರಕ್ಕೆ ಬಿಡುವಷ್ಟೇ ಬಿಟ್ಟರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಅಕ್ಷರಗಳೇ ಚೆಲ್ಲಾಪಿಲ್ಲಿ. ಅದಕ್ಕೇ ಕೆತ್ತುವವರಿಗೆ ಪಠ್ಯ ಕೊಡುವುದಿಲ್ಲ, ಔಟ್‌ಲೈನ್ ಮಾಡಿದ (ಅಕ್ಷರಗಳನ್ನು ಗೆರೆಚಿತ್ರವಾಗಿಸಿದ) ಪಿಡಿಎಫ್ ಕೊಡುತ್ತೇವೆ. ಕೊರೆಯುವ ಮುನ್ನ ಅದೇ ಅಳತೆಯ ಕಾಗದದ ಪ್ರತಿಯನ್ನು ಮನೆಯ ಹಿರಿಯರು ಗಟ್ಟಿಯಾಗಿ ಓದಲೇಬೇಕು.

ಹೆಸರು ಮನೆಯಲ್ಲಿ ಕರೆಯುತ್ತಿದ್ದಂತೆ ಕನ್ನಡದಲ್ಲಿ. ಕೆಳಗೆ ಸರ್ವೀಸ್ ನಂಬರ್, ಪಡೆ, ತಾರೀಖು, ಜಾಗ. ದಾಖಲೆಯಲ್ಲಿ ವಯಸ್ಸಿಲ್ಲದಿದ್ದರೆ ‘ಸುಮಾರು 20’ ಎಂದು ಸೇರಿಸುವುದಿಲ್ಲ. ಕೊನೆಯ ಸಾಲಿನಡಿ 8 ಸೆಂ.ಮೀ. ಖಾಲಿ ಬಿಡುತ್ತೇವೆ, ಮುಂದೆ ಕಾಗದ ಸಿಕ್ಕರೆ ಕೊರೆಯಲು.